ಬಣ್ಣದ ತಿನಿಸೂ ಜೀವಸತ್ವಗಳೂ

ಹೋದ ಶತಮಾನದಲ್ಲಿ ಎರಡು ಕಥೆಗಳು ಬೇರೆ ಬೇರೆ ಊರುಗಳಿಂದ ಹೊರಟು ಕೊನೆಗೆ ಇಲಿಯ ಪಂಜರದ ಮುಂದೆ ಒಂದನ್ನೊಂದು ಸಂಧಿಸಿದುವು. ಒಂದು, ಕಲ್ಲಿದ್ದಲಿನ ಡಾಂಬರಿನಲ್ಲಿ ಹುಟ್ಟಿ, ಬಟ್ಟೆಗೆ ಹತ್ತಿ, ಅಲ್ಲಿಂದ ತಿನಿಸಿಗೆ ಇಳಿದ ಬಣ್ಣಗಳ ಕಥೆ. ಇನ್ನೊಂದು, ಸೊಪ್ಪಿನಲ್ಲಿ, ತೌಡಿನಲ್ಲಿ, ಗೋಧಿಯ ಮೊಳಕೆಯಲ್ಲಿ ಅಡಗಿಕೊಂಡಿದ್ದ ಜೀವಸತ್ವಗಳ ಕಥೆ. ಈ ಎರಡನೆಯವುಗಳನ್ನು ನಮ್ಮಲ್ಲಿ ಹಿಂದೆ ಅನ್ನಾಂಗಗಳೆಂದೂ ಕರೆಯುತ್ತಿದ್ದರು. ಸೊಗಸಾದ ಮಾತು, ಏಕೋ ಬಳಕೆಯಿಂದ ಜಾರಿಹೋಯಿತು. ತಿನಿಸಿನ ಬಣ್ಣದಲ್ಲಿರುವ ವಿಷವನ್ನು ಜೀವಸತ್ವವು ತಡೆಯಬಲ್ಲುದೆ, ಅದರಲ್ಲಿಯೂ ಸಂತಾನಕ್ಕೆ ಕಾರಣವಾದ ಅಂಗಗಳನ್ನು ಅದು ಕಾಪಾಡಬಲ್ಲುದೆ ಎಂಬ ಪ್ರಶ್ನೆಯನ್ನು ಇಂದು ಅನೇಕರು ಕೇಳುತ್ತಿದ್ದಾರೆ. ಔಷಧದ ಅಂಗಡಿಯಲ್ಲಿ ಗುಳಿಗೆ ಸುಲಭವಾಗಿ ದೊರೆಯುವ ಕಾಲವಿದು. ಬೀದಿಯ ಬದಿಯಲ್ಲಿ ಕೆಂಪು ಕೆಂಪಾದ ತಿನಿಸೂ ಅಷ್ಟೇ ಸುಲಭ. ಆದುದರಿಂದ ಪ್ರಶ್ನೆ ಮನೆಮನೆಯದು. ಉತ್ತರವನ್ನು ಅವಸರದಲ್ಲಿ ಕೊಡುವುದಕ್ಕಿಂತ, ಅದು ಬೆಳೆದುಬಂದ ದಾರಿಯನ್ನು ನೋಡುವುದು ಲೇಸು.

ತಿನ್ನುವ ಪದಾರ್ಥ ನಾಲಗೆಗೆ ಮಾತ್ರವಲ್ಲದೆ ಕಣ್ಣಿಗೂ ಹಿತವಾಗಿರಬೇಕೆಂಬ ಆಸೆ ಬಹಳ ಹಳೆಯದು. ನಮ್ಮ ಅಡಿಗೆಮನೆಯಲ್ಲಿ ಅದಕ್ಕೆ ಅರಿಸಿನವಿತ್ತು, ಅನುಕೂಲವಿದ್ದವರಿಗೆ ಕೇಸರಿಯಿತ್ತು. ಕೇಸರಿಭಾತಿಗೆ ಹೆಸರು ಕೊಟ್ಟದ್ದು ಆ ಕೇಸರಿಯೇ. ಆದರೆ ತಟ್ಟೆಯಲ್ಲಿ ಕಾಣುವ ಬಣ್ಣವನ್ನು ಅದೇ ಕೊಟ್ಟಿತೆಂದು ಎಷ್ಟು ಹೋಟೆಲುಗಳವರು ಧೈರ್ಯವಾಗಿ ಹೇಳಿಯಾರು? ಯೂರೋಪಿನಲ್ಲಿ ಪಟ್ಟಣಗಳು ಬೆಳೆದು, ತಿಂಡಿಯನ್ನು ಮಾಡುವವನು ಒಬ್ಬ, ತಿನ್ನುವವನು ಮತ್ತೊಬ್ಬ ಎಂದಾದ ಮೇಲೆ ಈ ಆಸೆ ವ್ಯಾಪಾರವಾಯಿತು. 1820ರಲ್ಲಿ ಫ್ರೆಡ್ರಿಕ್ ಆಕ್ಯುಮ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಲಂಡನ್ನಿನಲ್ಲಿದ್ದುಕೊಂಡು ಆಹಾರದ ಕಲಬೆರಕೆಯನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದ. ಉಪ್ಪಿನಕಾಯಿ ಹಸಿರಾಗಿ ಕಾಣಲು ತಾಮ್ರದ ಲವಣ, ಗಿಣ್ಣು ಕೆಂಪಾಗಲು ಸೀಸದ ಸಿಂಧೂರ, ಮಕ್ಕಳ ಮಿಠಾಯಿಗೂ ಅಂಥವೇ ಬಣ್ಣಗಳು ಎಂದು ಆತ ಬರೆದ. ಬರೆದು ಸುಮ್ಮನಾಗದೆ, ಸಿಕ್ಕಿಬಿದ್ದ ವರ್ತಕರ ಹೆಸರುಗಳನ್ನೂ ಅಚ್ಚುಹಾಕಿಸಿದ. ಹೆಚ್ಚು ದಿನ ಆತನಿಗೆ ಲಂಡನ್ನಿನಲ್ಲಿ ನಿಲ್ಲಲಾಗಲಿಲ್ಲ. ಗ್ರಂಥಾಲಯವೊಂದರ ಪುಸ್ತಕದ ಹಾಳೆಗಳನ್ನು ಹರಿದನೆಂಬ ಆಪಾದನೆ ಬಂದು, ಬರ್ಲಿನ್ನಿಗೆ ಹಿಂತಿರುಗಬೇಕಾಯಿತು.

ಲೋಹದ ಬಣ್ಣಗಳ ಕಾಲವನ್ನು ಮುಗಿಸಿದ್ದು ಹದಿನೆಂಟು ವರ್ಷದ ಹುಡುಗ. 1856ರಲ್ಲಿ ವಿಲಿಯಮ್ ಹೆನ್ರಿ ಪರ್ಕಿನ್ ಲಂಡನ್ನಿನ ತನ್ನ ಮನೆಯ ಸಣ್ಣ ಪ್ರಯೋಗಶಾಲೆಯಲ್ಲಿ ಮಲೇರಿಯಾ ಜ್ವರದ ಮದ್ದಾದ ಕ್ವಿನೈನನ್ನು ಕೃತಕವಾಗಿ ಮಾಡಲು ಹೊರಟು, ಸೀಸೆಯ ತಳದಲ್ಲಿ ಒಂದು ನೇರಳೆ ಬಣ್ಣವನ್ನು ಕಂಡ. ಡಾಂಬರಿನಿಂದ ಬಣ್ಣ ತೆಗೆಯುವ ಉದ್ಯಮ ಅಲ್ಲಿಂದ ಮೊದಲಾಯಿತು. ಎರಡು ವರ್ಷಗಳ ಬಳಿಕ, 1858ರಲ್ಲಿ, ಪೀಟರ್ ಗ್ರೀಸ್ ಎಂಬಾತನು ಕಂಡುಹಿಡಿದ ಒಂದು ರಾಸಾಯನಿಕ ಕ್ರಿಯೆ ಈ ಉದ್ಯಮಕ್ಕೆ ಮಹಾದ್ವಾರವನ್ನೇ ತೆರೆಯಿತು. ಎರಡು ನೈಟ್ರೊಜನ್ ಪರಮಾಣುಗಳನ್ನು ಕೊಂಡಿಯಾಗಿಟ್ಟು ಆಚೀಚೆ ಎರಡು ಉಂಗುರಗಳನ್ನು ಜೋಡಿಸಿದರೆ ಹಳದಿ, ಕಿತ್ತಳೆ, ಕೆಂಪು, ಬೇಕಾದ ವರ್ಣ ಬರುತ್ತದೆ. ಇವಕ್ಕೆ ಅಜೊ ಬಣ್ಣಗಳೆಂದು ಹೆಸರು. 1884ರಲ್ಲಿ ಬಂದ ಟಾರ್ಟ್ರಜಿನ್ ಎಂಬ ನಿಂಬೆಹಳದಿ ಈ ಕುಲದ್ದು; ಕಿತ್ತಳೆಯ ಸನ್‌ಸೆಟ್ ಯೆಲ್ಲೊ, ಕೆಂಪಿನ ಕಾರ್ಮೊಯಿಸಿನ್, ನಮ್ಮ ಸಂತೆಗಳಲ್ಲಿ ಕುಖ್ಯಾತವಾದ ಮೆಟನಿಲ್ ಯೆಲ್ಲೊ ಇವೂ ಅದೇ ಕುಲದವು. ಆ ಎರಡು ನೈಟ್ರೊಜನ್‌ಗಳ ಕೊಂಡಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಅದು ಎಲ್ಲಿ ಕಳಚುತ್ತದೆ ಎಂಬುದರ ಮೇಲೆ ನಿಂತಿದೆ.

ಚಿಟಿಕೆಯಷ್ಟಿದ್ದರೆ ಕೊಪ್ಪರಿಗೆ ತುಂಬ ಬಣ್ಣ, ಬೆಲೆ ಅಗ್ಗ, ಬಿಸಿಲಿಗೂ ಬೆಂಕಿಗೂ ಮಾಸದು. ಇಷ್ಟು ಸಾಲದೆ? ಬೆಣ್ಣೆಗೆ, ಮಿಠಾಯಿಗೆ, ಪಾನಕಕ್ಕೆ, ಸೇವಿಗೆಗೆ ಈ ಬಣ್ಣಗಳು ನುಗ್ಗಿದುವು. ಅಮೆರಿಕದಲ್ಲಿ 1906ರ ಆಹಾರ ಕಾನೂನಿನ ಹಿಂದೆಯೇ ಬರ್ನಾರ್ಡ್ ಹೆಸ್ಸೆ ಎಂಬ ರಸಾಯನಜ್ಞನಿಗೆ ಬಣ್ಣಗಳನ್ನು ಜರಡಿ ಹಿಡಿಯುವ ಕೆಲಸ ಬಂತು. ಸುಮಾರು 80 ಬಣ್ಣಗಳು ಆಗ ಆಹಾರಕ್ಕೆ ಬಳಕೆಯಲ್ಲಿದ್ದುವು. ಆತ 7ನ್ನು ಉಳಿಸಿದ. ಆದರೆ ತಿಂದ ಪ್ರಾಣಿ ಕೂಡಲೇ ಕಾಯಿಲೆ ಬೀಳುವುದೊ ಇಲ್ಲವೊ ಎಂಬುದೇ ಅಂದಿನ ಮುಖ್ಯ ಪರೀಕ್ಷೆ. ಆ ಏಳರಲ್ಲಿ ಒಂದಾದ ಕಿತ್ತಳೆ ಬಣ್ಣದ ಮಿಠಾಯಿಯನ್ನು ತಿಂದು 1950ರ ಹ್ಯಾಲೊವೀನ್ ಹಬ್ಬದಲ್ಲಿ ಅಮೆರಿಕದ ಮಕ್ಕಳು ಕಾಯಿಲೆ ಬಿದ್ದರು. ಬಣ್ಣವನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಆ ಏಳರಲ್ಲಿ ಇನ್ನೊಂದಾದ ಎರಿತ್ರೊಸಿನ್ ಎಂಬ ಕೆಂಪಿಗೆ ಅಲ್ಲಿನ ಸರಕಾರ ಆಹಾರದಲ್ಲಿ ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡದ್ದು 2025ರ ಜನವರಿಯಲ್ಲಿ. ತಿಂದ ದಿನ ಏನೂ ಆಗದಿದ್ದ ಮಾತ್ರಕ್ಕೆ ಪದಾರ್ಥ ನಿರಪಾಯವೆನ್ನಲಾಗದೆಂಬ ಅರಿವು ಬರಲು ಎಷ್ಟು ಕಾಲ ಹಿಡಿಯಿತು!

ಆ ಅರಿವನ್ನು ತಂದವರಲ್ಲಿ ಜಪಾನಿನವರು ಮೊದಲಿಗರು. 1930ರ ದಶಕದಲ್ಲಿ ಟೋಕಿಯೋವಿನ ಸಸಾಕಿ ಮತ್ತು ಯೋಷಿದ ಎಂಬ ವಿಜ್ಞಾನಿಗಳು ಒಂದು ಅಜೊ ಬಣ್ಣವನ್ನು ಇಲಿಗಳಿಗೆ ತಿಂಗಳುಗಟ್ಟಲೆ ಉಣಿಸಿ ಯಕೃತ್ತಿನಲ್ಲಿ ಕ್ಯಾನ್ಸರನ್ನು ಉಂಟುಮಾಡಿ ತೋರಿಸಿದರು. ಅದೇ ದಶಕದಲ್ಲಿ ಒಸಾಕದ ಕಿನೊಸಿಟ ‘ಬೆಣ್ಣೆಹಳದಿ’ ಎಂದೇ ವ್ಯಾಪಾರದಲ್ಲಿ ಹೆಸರಾಗಿದ್ದ ಬಣ್ಣ ಇದೇ ಕೆಲಸವನ್ನು ಮಾಡುವುದೆಂದು ಕಂಡರು. ಹೆಸರೇ ಹೇಳುವಂತೆ ಅದು ಬೆಣ್ಣೆಯಂಥ ಜಿಡ್ಡುಪದಾರ್ಥಗಳಿಗೆ ಹಾಕುವ ಬಣ್ಣ. ಆ ಇಲಿಗಳ ಊಟ ಅಕ್ಕಿ ಮತ್ತು ಸ್ವಲ್ಪ ಕ್ಯಾರಟ್.

ಇಲ್ಲಿಂದ ಅನ್ನ ಉಣ್ಣುವ ನಮಗೆ ಕಥೆ ಇನ್ನೂ ಹತ್ತಿರವಾಗುತ್ತದೆ. ಅನ್ನದ ಜೊತೆಯಲ್ಲಿ ಇಲಿಗೆ ಬೇರೆ ಏನನ್ನಾದರೂ ಕೊಟ್ಟರೆ ಬಣ್ಣದ ಕಾಟ ತಗ್ಗುವುದೇ ಎಂದು ನೋಡಿದವರು ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಸಂಶೋಧಕರು. ಅವರಲ್ಲಿ ಜಪಾನಿನಲ್ಲಿ ಹುಟ್ಟಿ ಅಲ್ಲಿ ನೆಲೆಸಿದ್ದ ಕನೆಮಾತ್ಸು ಸುಗಿಉರ ಒಬ್ಬರು. ಯೀಸ್ಟನ್ನು ಬೆರೆಸಿದಾಗ ಗಂತಿಗಳು ಏಳಲಿಲ್ಲ, ಇಲ್ಲವೆ ಕಡಿಮೆಯಾದುವು. ಅಕ್ಕಿಯ ತೌಡಿನ ಸಾರಕ್ಕೂ ತಡೆಯುವ ಗುಣವಿದ್ದಿತು. ಗಿರಣಿಯಲ್ಲಿ ಅಕ್ಕಿಗೆ ಹೊಳಪು ಕೊಟ್ಟು ನಾವು ದನಕ್ಕೆ ಹಾಕುವ ತೌಡು! 1941ರಲ್ಲಿ ಕೆನ್ಸ್ಲರ್ ಮತ್ತು ಸಂಗಡಿಗರು ಈ ರಕ್ಷಕ ಪದಾರ್ಥಗಳಲ್ಲಿ ಒಂದನ್ನು ಗುರುತಿಸಿದರು. ಬಿ ಗುಂಪಿನ ಜೀವಸತ್ವವಾದ ರೈಬೊಫ್ಲೇವಿನ್, ಹಾಲಿನ ಪ್ರೋಟೀನಾದ ಕೇಸಿನ್ನಿನೊಡನೆ ಸೇರಿದಾಗ, ಬೆಣ್ಣೆಹಳದಿಯಿಂದ ಬರುವ ಕ್ಯಾನ್ಸರಿನಿಂದ ಇಲಿಗಳನ್ನು ಭಾಗಶಃ ಕಾಪಾಡುತ್ತದೆ ಎಂದು ಪ್ರಕಟಿಸಿದರು. ಭಾಗಶಃ ಎಂಬ ಮಾತು ಅವರ ಪ್ರಬಂಧದ ಶಿರೋನಾಮೆಯಲ್ಲಿಯೇ ಇದೆ. ಆಹಾರದ ಬಣ್ಣವೊಂದರ ವಿಷಕ್ಕೆ ಜೀವಸತ್ವವೊಂದನ್ನು ಎದುರುನಿಲ್ಲಿಸಿ ಫಲ ಕಂಡ ಮೊದಲ ದೊಡ್ಡ ಉದಾಹರಣೆ ಇದೇ ಎನ್ನಬಹುದು.

ಕಾರಣವನ್ನು ಬಿಡಿಸಿದವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಮತ್ತು ಎಲಿಜಬೆತ್ ಮಿಲ್ಲರ್ ದಂಪತಿಗಳು ಮತ್ತು ಅವರ ಸಹೋದ್ಯೋಗಿಗಳು. 1947ರಲ್ಲಿ ಬೆಣ್ಣೆಹಳದಿ ಯಕೃತ್ತಿನ ಪ್ರೋಟೀನುಗಳಿಗೆ ಭದ್ರವಾಗಿ ಅಂಟಿಕೊಳ್ಳುವುದನ್ನು ಅವರು ಕಂಡರು. ಯಕೃತ್ತಿನಲ್ಲಿರುವ ಒಂದು ಕಿಣ್ವ ಆ ಎರಡು ನೈಟ್ರೊಜನ್‌ಗಳ ಕೊಂಡಿಯನ್ನು ಕಡಿದು ಬಣ್ಣವನ್ನು ನಿರ್ವಿಷಗೊಳಿಸುತ್ತದೆ. ಆ ಕಿಣ್ವಕ್ಕೆ ರೈಬೊಫ್ಲೇವಿನ್ ಬೇಕು. ಜೀವಸತ್ವ ಕಡಿಮೆಯಾದರೆ ಕಿಣ್ವ ಸೊರಗುತ್ತದೆ, ಬಣ್ಣ ಉಳಿದು ಕೆಡಕು ಮಾಡುತ್ತದೆ. ಹಾಗೆಂದು ಕೊಂಡಿ ಕಳಚುವುದು ಯಾವಾಗಲೂ ಒಳ್ಳೆಯದೆಂದು ತಿಳಿಯಬಾರದು. ನೀರಿನಲ್ಲಿ ಕರಗುವ ಟಾರ್ಟ್ರಜಿನ್, ಮೆಟನಿಲ್ ಯೆಲ್ಲೊಗಳಂಥ ಬಣ್ಣಗಳ ಕೊಂಡಿಯನ್ನು ನಮ್ಮ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಕಡಿಯುತ್ತವೆ. ಆಗ ಹೊರಬರುವ ಅಮೀನ್ ಎಂಬ ತುಂಡುಗಳು ರಕ್ತಕ್ಕೆ ಸೇರಿ, ಕೆಲವು ವೇಳೆ ತಾಯಿಬಣ್ಣಕ್ಕಿಂತ ಹೆಚ್ಚು ಉಪದ್ರವ ಕೊಡುತ್ತವೆ. ಒಂದೇ ಕತ್ತರಿ ಒಂದೆಡೆ ಬಿಡಿಸುತ್ತದೆ, ಇನ್ನೊಂದೆಡೆ ಕೆಡಿಸುತ್ತದೆ.

ಇನ್ನು ಎರಡನೆಯ ಕಥೆ. ಅಮೆರಿಕದ ಬರ್ಕ್‌ಲಿ ನಗರದ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ಇವಾನ್ಸ್ ಎಂಬ ಅಂಗರಚನಾಶಾಸ್ತ್ರಜ್ಞರೂ ಕ್ಯಾಥರಿನ್ ಸ್ಕಾಟ್ ಬಿಷಪ್ ಎಂಬ ವೈದ್ಯೆಯೂ ಇಲಿಗಳ ಸಂತಾನವನ್ನು ಅಭ್ಯಾಸ ಮಾಡುತ್ತಿದ್ದರು. ಕೇಸಿನ್, ಜೋಳದ ಹಿಟ್ಟಿನ ಪಿಷ್ಟ, ಕೊಬ್ಬು, ಲವಣಗಳು, ಮೇಲೆ ಯೀಸ್ಟ್ ಮತ್ತು ಮೀನೆಣ್ಣೆ: ಅಂದಿನ ತಿಳಿವಳಿಕೆಯಂತೆ ಪೂರ್ಣವಾದ ಊಟ. ಇಲಿಗಳು ದುಂಡಗೆ ಬೆಳೆದುವು, ಬಸಿರೂ ಆದುವು. ಆದರೆ ಮರಿಗಳು ಹುಟ್ಟಲಿಲ್ಲ. ಗರ್ಭದಲ್ಲಿಯೇ ಸತ್ತು ಅಲ್ಲಿಯೇ ಕರಗಿಹೋದುವು. ಲೆಟ್ಯೂಸ್ ಸೊಪ್ಪನ್ನು ಸೇರಿಸಿದೊಡನೆ ಜೀವವುಳ್ಳ ಮರಿಗಳು ಹುಟ್ಟಿದುವು. ಗೋಧಿಯ ಮೊಳಕೆಯಂತೂ ಸೊಪ್ಪಿಗಿಂತ ಮಿಗಿಲಾಯಿತು. 1922ರಲ್ಲಿ ಇದನ್ನು ಪ್ರಕಟಿಸಿದಾಗ ಆ ಅಜ್ಞಾತ ವಸ್ತುವಿಗೆ ಅವರು ಎಕ್ಸ್ ಎಂದರು. ಎ, ಬಿ, ಸಿ, ಡಿ ಆಗಲೇ ಹಂಚಿಹೋಗಿದ್ದುದರಿಂದ ಬಳಿಕ ಅದು ಇ ಆಯಿತು. 1936ರಲ್ಲಿ ಇವಾನ್ಸರೂ ಎಮರ್ಸನ್ ದಂಪತಿಗಳೂ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದಾಗ, ಅದೇ ವಿಶ್ವವಿದ್ಯಾಲಯದ ಗ್ರೀಕ್ ಪಂಡಿತ ಜಾರ್ಜ್ ಕ್ಯಾಲ್ಹೂನ್ ಟೊಕೊಫೆರಾಲ್ ಎಂಬ ಹೆಸರನ್ನು ಸೂಚಿಸಿದರು. ಸಂತಾನವನ್ನು ತರುವುದು ಎಂದು ಅದರ ಭಾವ. ‘ಸಂತಾನದಾಯಿನಿ’ ಎಂದು ನಾವು ಕನ್ನಡಿಸಿದರೆ ತಪ್ಪಾಗದು.

ಗಂಡಿಲಿಗಳ ಪಾಡು ಇನ್ನೂ ಕಷ್ಟ. ಹೆಣ್ಣಿಗೆ ಈ ಜೀವಸತ್ವವನ್ನು ಮತ್ತೆ ಕೊಟ್ಟರೆ ಮುಂದಿನ ಬಸಿರು ನಿಲ್ಲುತ್ತಿತ್ತು. ಗಂಡಿನ ವೃಷಣಗಳಲ್ಲಿ ವೀರ್ಯಾಣುಗಳನ್ನು ಹುಟ್ಟಿಸುವ ಪದರವು ಒಮ್ಮೆ ಸವೆದುಹೋದರೆ ಮತ್ತೆಷ್ಟು ಕೊಟ್ಟರೂ ತಿರುಗಿ ಬರುತ್ತಿರಲಿಲ್ಲ. 1920ರ ದಶಕದಲ್ಲಿ ಕಾರ್ಲ್ ಮೇಸನ್ ಇದನ್ನು ವಿವರವಾಗಿ ತೋರಿಸಿದರು. ಇಂಥ ವಿಷಯವನ್ನು ಮನೆಯವರೆಲ್ಲ ಓದುವ ಪತ್ರಿಕೆಯಲ್ಲಿ ಹೇಳಲು ಸಂಕೋಚವೇಕೆಂದು ನನಗೆ ತೋರುತ್ತದೆ. ಮಕ್ಕಳಾಗದಿದ್ದರೆ ಹೆಂಗಸನ್ನೇ ದೂರುವ ನಮ್ಮ ಸಮಾಜದಲ್ಲಿ, ಗಂಡಿನ ಅಂಗವೇ ಹೆಚ್ಚು ನಾಜೂಕೆಂಬ ಸಂಗತಿ ತಿಳಿದಿದ್ದರೆ ನಷ್ಟವೇನೂ ಇಲ್ಲ.

ಇವಾನ್ಸರ ಬಗ್ಗೆ ಇನ್ನೊಂದು ಮಾತು. ಸಂತಾನದ ಜೀವಸತ್ವವನ್ನು ಕಂಡ ಇದೇ ಮನುಷ್ಯರ ಹೆಸರನ್ನು ಒಂದು ಅಜೊ ಬಣ್ಣವೂ ಹೊತ್ತಿದೆ: ಇವಾನ್ಸ್ ನೀಲಿ. ರಕ್ತದ ಪ್ರಮಾಣವನ್ನು ಅಳೆಯಲು ವೈದ್ಯರು ಅದನ್ನು ಬಳಸುತ್ತಿದ್ದರು. ಅದರ ದಾಯಾದಿಯಾದ ಟ್ರಿಪಾನ್ ನೀಲಿಯನ್ನು ಬಸುರಿ ಇಲಿಗಳಿಗೆ ಚುಚ್ಚಿದರೆ ಮರಿಗಳು ಅಂಗವಿಕಲವಾಗಿ ಹುಟ್ಟುತ್ತವೆಂದು ದಕ್ಷಿಣ ಆಫ್ರಿಕದ ಗಿಲ್ಮನ್ ಸೋದರರೂ ಕ್ರಿಸ್ಟೀನ್ ಗಿಲ್ಬರ್ಟರೂ 1948ರಲ್ಲಿ ತೋರಿಸಿದರು. ಅದು ತಿನಿಸಿನ ಬಣ್ಣವಲ್ಲ, ನಿಜ. ಆದರೆ ಬಣ್ಣವೊಂದು ತಾಯಿಗೆ ಏನೂ ಮಾಡದಂತೆ ತೋರಿ ಗರ್ಭಕ್ಕೆ ಕೇಡು ತರಬಹುದೆಂಬುದು ಅಲ್ಲಿ ಸ್ಪಷ್ಟವಾಯಿತು.

ಜೀವಸತ್ವ ಇ ಒಳಗೆ ಮಾಡುವ ಕೆಲಸವೇನು? ಎಣ್ಣೆ ಹಳತಾದರೆ ಕಮಟು ಹಿಡಿಯುತ್ತದೆ. ಗಾಳಿಯ ಆಮ್ಲಜನಕ ಅದನ್ನು ಕೆಡಿಸುತ್ತದೆ. ಇದಕ್ಕೆ ಉತ್ಕರ್ಷಣವೆಂದು ಹೆಸರು. ನಮ್ಮ ಜೀವಕೋಶಗಳ ಪೊರೆಯೂ ಜಿಡ್ಡಿನದೇ. ಅದೂ ಹೀಗೆಯೇ ಕಮಟಬಹುದು. 1931ರಲ್ಲಿ ಆಲ್ಕಾಟ್ ಮತ್ತು ಮ್ಯಾಟಿಲ್ ಎಂಬವರು ಲೆಟ್ಯೂಸ್ ಸೊಪ್ಪಿನ ಎಣ್ಣೆಯಲ್ಲಿ ಇತರ ಎಣ್ಣೆಗಳನ್ನು ಕಮಟದಂತೆ ತಡೆಯುವ ವಸ್ತುಗಳನ್ನು ಕಂಡರು. ಟೊಕೊಫೆರಾಲಿನ ಗುಣ ಅದೇ ಎಂಬುದು ಮುಂದೆ ಸ್ಥಿರಪಟ್ಟಿತು. ಪೊರೆಯೊಳಗೆ ಕುಳಿತು, ಕಿಡಿಯೊಂದು ಹಾರಿಬಂದರೆ ಅದನ್ನು ತನ್ನ ಮೇಲೆ ತೆಗೆದುಕೊಂಡು, ಪಕ್ಕದ ಕೊಬ್ಬಿಗೆ ಹತ್ತದಂತೆ ನೋಡಿಕೊಳ್ಳುವ ಕಾವಲುಗಾರ.

ಕಾವಲುಗಾರನೂ ಸುಟ್ಟುಕೊಳ್ಳುತ್ತಾನಷ್ಟೆ, ಅವನನ್ನು ಮತ್ತೆ ನಿಲ್ಲಿಸುವವರು ಯಾರು? ಜೀವಸತ್ವ ಸಿ. ಹಂಗೆರಿಯ ಆಲ್ಬರ್ಟ್ ಸೆಂಟ್ ಗ್ಯೋರ್ಗಿ 1928ರಲ್ಲಿ ಇದನ್ನು ಮೊದಲು ಬೇರ್ಪಡಿಸಿದ್ದರು, ಆದರೆ ಕೈಗೆ ಸಿಕ್ಕಿದ್ದು ಅತ್ಯಲ್ಪ. ಬಳಿಕ ಸೆಗೆಡ್ ಎಂಬ ಊರಿನಲ್ಲಿ, ರಾತ್ರಿಯ ಊಟಕ್ಕೆ ಹೆಂಡತಿ ಬಡಿಸಿದ ಕೆಂಪು ಮೆಣಸಿನಕಾಯಿಯನ್ನು ತಿನ್ನಲು ಮನಸ್ಸಿಲ್ಲದೆ ಪ್ರಯೋಗಶಾಲೆಗೆ ಹೊತ್ತುಕೊಂಡು ಹೋದೆನೆಂದೂ, ಅದರಲ್ಲಿ ಈ ಜೀವಸತ್ವ ಹೇರಳವಾಗಿ ಕಂಡಿತೆಂದೂ ಅವರೇ ಹೇಳಿಕೊಂಡಿದ್ದಾರೆ. 1937ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ನೀರಿನಲ್ಲಿ ಕರಗುವ ಸಿ, ಜಿಡ್ಡಿನಲ್ಲಿ ಕರಗುವ ಇ ಯನ್ನು ಮತ್ತೆ ಸಜ್ಜುಗೊಳಿಸುತ್ತದೆಂದು 1968ರಲ್ಲಿ ಟ್ಯಾಪೆಲ್ ಊಹಿಸಿದರು. ಪ್ಯಾಕರ್ ಮತ್ತು ಸಂಗಡಿಗರು 1979ರಲ್ಲಿ ಪ್ರಯೋಗದಿಂದ ಅದನ್ನು ನೇರವಾಗಿ ತೋರಿಸಿದರು. ಇಂದಿನ ಪ್ರಯೋಗಗಳಲ್ಲಿ ಈ ಎರಡನ್ನೂ ಜೊತೆಯಾಗಿ ಕೊಡುವುದಕ್ಕೆ ಕಾರಣ ಇದು.

ವೀರ್ಯಾಣುವಿಗೆ ಈ ಕಾವಲು ಮಿಕ್ಕ ಕೋಶಗಳಿಗಿಂತ ಹೆಚ್ಚು ಅಗತ್ಯ. ಅದರ ಪೊರೆಯಲ್ಲಿ ಬೇಗ ಕಮಟುವ ಜಾತಿಯ ಕೊಬ್ಬೇ ತುಂಬಿದೆ. ಈಜಿಕೊಂಡು ಹೋಗಬೇಕಾದ್ದರಿಂದ ಮೈಯಲ್ಲಿ ಮೂಟೆ ಹೊರುವಂತಿಲ್ಲ. ಬೇರೆ ಕೋಶಗಳಲ್ಲಿರುವ ರಕ್ಷಕ ಕಿಣ್ವಗಳು ಇದರಲ್ಲಿ ಅತ್ಯಲ್ಪ. ಆಮ್ಲಜನಕ ಹೆಚ್ಚಾದರೆ ಮನುಷ್ಯನ ವೀರ್ಯಾಣುಗಳು ಚಲನೆಯನ್ನು ಕಳೆದುಕೊಳ್ಳುತ್ತವೆಂದು ಜಾನ್ ಮೆಕ್ಲಿಯೋಡ್ 1943ರಷ್ಟು ಹಿಂದೆಯೇ ಕಂಡಿದ್ದರು. ವೀರ್ಯದ್ರವದಲ್ಲಿ ಜೀವಸತ್ವ ಸಿ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿರುತ್ತದೆ. ಪ್ರಕೃತಿ ಸುಮ್ಮನೆ ಹಾಗೆ ಕೂಡಿಟ್ಟಿರಲಾರದು. 1991ರಲ್ಲಿ ಫ್ರಾಗ, ಬ್ರೂಸ್ ಏಮ್ಸ್ ಮೊದಲಾದವರು, ಗಂಡಸರ ಊಟದಲ್ಲಿ ಸಿ ಯನ್ನು ಇಳಿಸಿದಾಗ ಅವರ ವೀರ್ಯಾಣುಗಳ ಡಿಎನ್‌ಎಯಲ್ಲಿ ಉತ್ಕರ್ಷಣದ ಗಾಯಗಳು ಏರಿದುದನ್ನೂ, ಮತ್ತೆ ಕೊಟ್ಟಾಗ ಇಳಿದುದನ್ನೂ ವರದಿಮಾಡಿದರು. ಆ ಗಾಯ ಹುಟ್ಟುವ ಮಗುವಿಗೆ ಸಂಬಂಧಪಟ್ಟದ್ದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲಿಯ ಮೇಲೆ ಕಂಡದ್ದನ್ನು ಅಲಕ್ಷಿಸಿದರೆ ಏನಾದೀತೆಂಬುದಕ್ಕೂ ಚರಿತ್ರೆಯಲ್ಲಿ ಒಂದು ಉದಾಹರಣೆಯಿದೆ. ಡಿಬಿಸಿಪಿ ಎಂಬ ಕೀಟನಾಶಕ ಇಲಿಗಳ ವೃಷಣಗಳನ್ನು ಕುಗ್ಗಿಸುತ್ತದೆಂದು 1961ರಲ್ಲಿಯೇ ಅಚ್ಚಾಗಿತ್ತು. 1977ರಲ್ಲಿ ಕ್ಯಾಲಿಫೋರ್ನಿಯದ ಒಂದು ಕಾರ್ಖಾನೆಯ ಕೆಲಸಗಾರರು, ತಮ್ಮಲ್ಲಿ ಯಾರಿಗೂ ಈಚೆಗೆ ಮಕ್ಕಳಾಗುತ್ತಿಲ್ಲವಲ್ಲಾ ಎಂದು ತಾವು ತಾವೇ ಮಾತಾಡಿಕೊಂಡು ಪರೀಕ್ಷೆ ಮಾಡಿಸಿಕೊಂಡಾಗಲೇ ಸಂಗತಿ ಬಯಲಾದದ್ದು. ಅಲ್ಲಿಂದೀಚೆಗೆ ಯಾವ ರಾಸಾಯನಿಕವನ್ನು ಪರೀಕ್ಷಿಸುವಾಗಲೂ ಸಂತಾನಾಂಗಗಳನ್ನು ನೋಡುವುದು ಹೆಚ್ಚಾಯಿತು. ತಿನಿಸಿನ ಬಣ್ಣಗಳೂ ಆ ಸಾಲಿಗೆ ಬಂದುವು.

ನಮ್ಮ ದೇಶದಲ್ಲಿ ಈ ಕೆಲಸದ ಮುಖ್ಯ ಕೇಂದ್ರ ಲಖನೌದಲ್ಲಿ 1965ರಲ್ಲಿ ಆರಂಭವಾದ ಕೈಗಾರಿಕಾ ವಿಷವಿಜ್ಞಾನ ಸಂಶೋಧನ ಕೇಂದ್ರ. ಅಲ್ಲಿಯ ವಿಜ್ಞಾನಿಗಳು ಉತ್ತರ ಪ್ರದೇಶದ ಅಂಗಡಿಗಳಿಂದ ಲಡ್ಡು, ಜಿಲೇಬಿ, ಬೇಳೆ, ಅರಿಸಿನಗಳನ್ನು ತಂದು ನೋಡಿದಾಗ, ಕಾನೂನು ಒಪ್ಪದ ಬಣ್ಣಗಳಲ್ಲಿ ಮತ್ತೆ ಮತ್ತೆ ಸಿಕ್ಕಿದ್ದು ಮೆಟನಿಲ್ ಯೆಲ್ಲೊ. ಅದು ಬಟ್ಟೆಗೂ ಕಾಗದಕ್ಕೂ ಹಾಕುವ ಬಣ್ಣ. ಅದರ ಕೊಂಡಿ ಕಳಚಿದಾಗ ಬರುವ ತುಂಡುಗಳಲ್ಲೊಂದು ಮೆಟನಿಲಿಕ್ ಆಮ್ಲ. ಅದನ್ನು ಉಣಿಸಿದ ಪ್ರಾಣಿಗಳ ವೃಷಣಗಳಲ್ಲಿ ವಿಕಾರಗಳು ಕಂಡುಬಂದುವು. ಈ ಶತಮಾನದಲ್ಲಿ ಭಾರತ, ಈಜಿಪ್ಟ್, ಅಲ್ಜೀರಿಯ ಮುಂತಾದ ಕಡೆಗಳಲ್ಲಿ ಟಾರ್ಟ್ರಜಿನ್ ಮುಂತಾದ ಬಣ್ಣಗಳ ಮೇಲೆಯೂ ಇಂಥ ಪ್ರಯೋಗಗಳು ನಡೆದಿವೆ. ಹೆಚ್ಚಿನ ಪ್ರಮಾಣದ ಬಣ್ಣ ತಿಂದ ಇಲಿಗಳಲ್ಲಿ ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ, ಆಕಾರ ಕೆಡುತ್ತದೆ, ಕೊಬ್ಬು ಕಮಟಿದ ಗುರುತುಗಳು ಅಂಗಾಂಶದಲ್ಲಿ ಏರುತ್ತವೆ, ರಕ್ಷಕ ಕಿಣ್ವಗಳು ತಗ್ಗುತ್ತವೆ. ಜೊತೆಯಲ್ಲಿ ಇ ಅಥವಾ ಸಿ ಜೀವಸತ್ವವನ್ನೋ, ಅರಿಸಿನದ ಸಾರವಾದ ಕರ್ಕ್ಯುಮಿನನ್ನೋ ಕೊಟ್ಟ ಗುಂಪಿನಲ್ಲಿ ಈ ಕೇಡು ಕಡಿಮೆ. ಹಳದಿಯ ಕೃತಕ ಬಣ್ಣ ಮಾಡಿದ ಗಾಯಕ್ಕೆ ಹಳದಿಯ ಸಹಜ ಬಣ್ಣವೇ ಮದ್ದಾಗುವುದು ಸ್ವಾರಸ್ಯವಾದ ಸಂಗತಿಯೇ.

ಆದರೆ ಸ್ವಾರಸ್ಯಕ್ಕೆ ಮರುಳಾಗಬಾರದು. ಈ ಪ್ರಯೋಗಗಳಲ್ಲಿ ಅನೇಕವು ಸಣ್ಣ ಗುಂಪುಗಳ ಮೇಲೆ, ಊಟದಲ್ಲಿ ನಮಗೆ ಬರುವುದಕ್ಕಿಂತ ಬಹುಪಾಲು ಹೆಚ್ಚಿನ ಪ್ರಮಾಣದಲ್ಲಿ ನಡೆದವು. ಟಾರ್ಟ್ರಜಿನ್ ವಿಷಯದಲ್ಲಿ ಯೂರೋಪಿನ ಆಹಾರ ಸುರಕ್ಷಾ ಸಂಸ್ಥೆ 2009ರಲ್ಲಿ ಇಟ್ಟ ಮಿತಿ, ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 7.5 ಮಿಲಿಗ್ರಾಂ. 20 ಕಿಲೋ ತೂಗುವ ಮಗುವಿಗೆ ಅದು 150 ಮಿಲಿಗ್ರಾಂ. ಕಿಲೋವಿಗೆ 100 ಮಿಲಿಗ್ರಾಂ ಬಣ್ಣವಿರುವ ಮಿಠಾಯಿಯಾದರೆ ಮಗು ಒಂದೂವರೆ ಕಿಲೋ ತಿಂದ ಮೇಲೆ ಆ ಮಿತಿಯನ್ನು ಮುಟ್ಟುತ್ತದೆ. ಇದು ಕಾನೂನಿಗೆ ಒಳಪಟ್ಟು ಬಣ್ಣ ಹಾಕಿದಾಗಿನ ಮಾತು. ಕಣ್ಣಳತೆಯಲ್ಲಿ ಚಮಚದಿಂದ ಸುರಿಯುವವನ ಬಾಣಲಿಗೆ ಈ ಲೆಕ್ಕ ಹೊಂದದು. ಮೆಟನಿಲ್ ಯೆಲ್ಲೊ, ರೊಡಮಿನ್ ಬಿ ಗಳಿಗಂತೂ ಲೆಕ್ಕವೇ ಇಲ್ಲ. ಅವು ತಿನಿಸಿನಲ್ಲಿ ಇರಲೇಕೂಡದು.

ಗುಳಿಗೆಯ ಪಾಡೇನು? 2020ರಲ್ಲಿ ಅಮೆರಿಕದಲ್ಲಿ ಒಂದು ಪರೀಕ್ಷೆಯ ಫಲ ಹೊರಬಿತ್ತು. ಮಕ್ಕಳಾಗದ ದಂಪತಿಗಳಲ್ಲಿ, ವೀರ್ಯದ ದೋಷವಿದ್ದ 171 ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸಿ, ಇ, ಸೆಲೆನಿಯಮ್, ಸತು ಮುಂತಾದವುಗಳು ಸೇರಿದ ಗುಳಿಗೆಯನ್ನೂ ಇನ್ನೊಂದಕ್ಕೆ ಸಪ್ಪೆ ಗುಳಿಗೆಯನ್ನೂ ಕೊಟ್ಟರು. ವೀರ್ಯಾಣುಗಳ ಗುಣವಾಗಲಿ ಹುಟ್ಟಿದ ಮಕ್ಕಳ ಸಂಖ್ಯೆಯಾಗಲಿ ಗುಳಿಗೆಯಿಂದ ಹೆಚ್ಚಲಿಲ್ಲ. ಅವರು ಬಣ್ಣ ತಿಂದವರೆಂದಲ್ಲ. ಆ ಪ್ರಶ್ನೆ ಬೇರೆ. ಆದರೂ ಇಲಿಯ ಪಂಜರದಿಂದ ಮನೆಯ ಊಟದ ಮಣೆಗೆ ಎಷ್ಟು ದೂರವಿದೆಯೆಂಬುದು ಇದರಿಂದ ತಿಳಿಯುತ್ತದೆ. ನನ್ನ ಅಭಿಪ್ರಾಯ ಇಷ್ಟು: ನೆಲ್ಲಿಕಾಯಿ, ಸೀಬೆ, ಸೊಪ್ಪು, ಕಡಲೆಕಾಯಿಗಳನ್ನು ತಿನ್ನುವುದಕ್ಕೆ ಬಣ್ಣದ ಭಯವೇ ಕಾರಣವಾಗಬೇಕಿಲ್ಲ, ಮತ್ತು ಗುಳಿಗೆಯನ್ನು ನುಂಗಿದೆವೆಂದು ಬಣ್ಣದ ತಿನಿಸಿಗೆ ಕೈಚಾಚುವುದು ಮಳೆಗಾಲದಲ್ಲಿ ಮಾಡು ಸೋರುತ್ತಿದ್ದರೂ ಒಳಗೆ ಕೊಡೆ ಹಿಡಿದು ಕುಳಿತಂತೆ.

ಮಾಡನ್ನು ಸರಿಪಡಿಸುವ ಕೆಲಸ ಕಾನೂನಿನದು. ಭಾರತದ ಆಹಾರ ಕಲಬೆರಕೆ ನಿಷೇಧ ಕಾಯಿದೆ 1954ರದು. ಜಾರಿಗೆ ಬಂದದ್ದು 1955ರ ಜೂನ್ 1ರಂದು. ಅದರ ಜಾಗದಲ್ಲಿ 2006ರ ಆಹಾರ ಸುರಕ್ಷೆ ಕಾಯಿದೆ ಬಂತು. 2011ರ ನಿಯಮಗಳಲ್ಲಿ ಎಂಟು ಕೃತಕ ಬಣ್ಣಗಳಿಗೆ, ಕೆಲವೇ ತಿನಿಸುಗಳಲ್ಲಿ, ಬಹುಪಾಲು ಕಿಲೋವಿಗೆ 100 ಮಿಲಿಗ್ರಾಮಿನ ಮಿತಿಯಲ್ಲಿ ಅನುಮತಿಯಿತ್ತು. ಹೊರದೇಶದವರೂ ನಮ್ಮ ಸರಕನ್ನು ಪರೀಕ್ಷಿಸುತ್ತಾರೆ. ಸುಡಾನ್ ಎಂಬ ಕೆಂಪು ಅಜೊ ಬಣ್ಣ ಬೆರೆತ ಮೆಣಸಿನಪುಡಿಯಿಂದಾಗಿ 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ ನಾನೂರಕ್ಕೂ ಮೇಲ್ಪಟ್ಟು ಬಗೆಯ ತಿನಿಸುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಖಾರ ಕಡಿಮೆ, ಕೆಂಪು ಹೆಚ್ಚು ಎಂದು ಹೆಸರಾದ ಬ್ಯಾಡಗಿ ಮೆಣಸಿನಕಾಯಿಯನ್ನು ಬೆಳೆಯುವ ನಾಡಿನವರಾದ ನಮಗೆ ಇದು ನೋವಿನ ಮಾತು. ಆ ಕಾಯಿಯಿಂದ ತೆಗೆದ ಕೆಂಪೆಣ್ಣೆಯನ್ನು ಸಹಜ ಬಣ್ಣವಾಗಿ ಹೊರದೇಶಗಳವರು ಕೊಳ್ಳುತ್ತಾರೆ.

2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಯಲ್ಲಿಯೂ ಬೊಂಬಾಯಿ ಮಿಠಾಯಿಯಲ್ಲಿಯೂ ಕೃತಕ ಬಣ್ಣವನ್ನು ನಿಷೇಧಿಸಿತು. ರಾಜ್ಯದ ನಾನಾ ಕಡೆಗಳಿಂದ ತಂದ ಗೋಬಿಯ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಪರೀಕ್ಷೆಯಲ್ಲಿ ಕಂಡಿತ್ತು. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯಿಸಿನ್ ದೊರೆತುವು. ಬೊಂಬಾಯಿ ಮಿಠಾಯಿಯಲ್ಲಿ ಬಟ್ಟೆಯ ಬಣ್ಣವಾದ ರೊಡಮಿನ್ ಬಿ ಸಿಕ್ಕಿತು. ಅದೇ ವರ್ಷದ ಜೂನಿನಲ್ಲಿ ಕಬಾಬಿನ ಸರದಿ ಬಂತು.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಗಾಜಿನ ಲೋಟದ ನೀರಿಗೆ ಒಂದು ಚಮಚ ಅರಿಸಿನದ ಪುಡಿಯನ್ನು ಹಾಕಿ ಕಲಕದೆ ಬಿಡಬೇಕು. ಶುದ್ಧವಾದದ್ದು ತಳಕ್ಕೆ ಇಳಿಯುತ್ತ ನೀರಿಗೆ ತೆಳುವಾದ ಹಳದಿಯನ್ನಷ್ಟೆ ಬಿಡುತ್ತದೆ. ಬಣ್ಣ ಬೆರೆಸಿದ್ದು ನೀರನ್ನೆಲ್ಲ ಗಾಢವಾಗಿ ಹಳದಿ ಮಾಡುತ್ತದೆ. ಮೆಟನಿಲ್ ಯೆಲ್ಲೊವನ್ನು ಖಚಿತವಾಗಿ ಗುರುತಿಸಲು ಪ್ರಯೋಗಶಾಲೆಯವರು ಪ್ರಬಲವಾದ ಹೈಡ್ರೊಕ್ಲೋರಿಕ್ ಆಮ್ಲದ ಕೆಲವು ತೊಟ್ಟುಗಳನ್ನು ಹಾಕಿ ನೋಡುತ್ತಾರೆ: ಗುಲಾಬಿ ಬಣ್ಣ ಬಂದು, ನೀರು ಬೆರೆಸಿದ ಮೇಲೆ ಮಾಯವಾದರೆ ಅದು ಅರಿಸಿನದ್ದೇ, ಉಳಿದರೆ ಕಲಬೆರಕೆ. ಆಮ್ಲ ಚರ್ಮವನ್ನು ಸುಡುವುದರಿಂದ ಈ ಎರಡನೆಯ ಪರೀಕ್ಷೆಯನ್ನು ಅಡಿಗೆಮನೆಯಲ್ಲಿ ಮಾಡಹೋಗಬಾರದು. ಸಂಶಯ ಬಂದ ಪೊಟ್ಟಣವನ್ನು ಜಿಲ್ಲೆಯ ಆಹಾರ ಸುರಕ್ಷಾ ಅಧಿಕಾರಿಗೆ ಒಪ್ಪಿಸಬಹುದು.